ಒಂದೇ ಪದರದ ಅಯಸ್ಕಾಂತ, ಅದರ ನಡುಕ ಕೇಳುವ ವಜ್ರ

ಕುಲುಮೆಯಲ್ಲಿ ಕಾಯ್ದ ಕಬ್ಬಿಣವನ್ನು ಅಯಸ್ಕಾಂತ ಹಿಡಿಯುತ್ತದೆಯೇ? ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ವಿದ್ಯಾರ್ಥಿ ಮಿತ್ರರು ಇದಕ್ಕೆ ಉತ್ತರ ಹುಡುಕಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ನಿಮ್ಮೂರಲ್ಲೋ ಪಕ್ಕದೂರಲ್ಲೋ ಕುಡುಗೋಲು, ಕೊಡಲಿ ಬಡಿಯುವ ಕಮ್ಮಾರರು ಇದ್ದರೆ ಅವರನ್ನು ಕೇಳಿ. ಅವರೇ ಇಕ್ಕಳದಲ್ಲಿ ಹಿಡಿದು ತೋರಿಸಿಯಾರು. ಕಬ್ಬಿಣ ಕೆಂಡದಂತೆ ಕೆಂಪಾಗಿದ್ದಾಗ ಅಯಸ್ಕಾಂತಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎನ್ನುವಂತಿರುತ್ತದೆ. ಕೆಂಪು ಆರಿ ಕಪ್ಪಾಗುವ ಹೊತ್ತಿಗೆ ಮತ್ತೆ ಸೆಳೆತ ಮರಳುತ್ತದೆ. ಶುದ್ಧ ಕಬ್ಬಿಣಕ್ಕೆ ಈ ಗಡಿ ಸುಮಾರು 770 ಡಿಗ್ರಿ ಸೆಲ್ಸಿಯಸ್. ಇದನ್ನು ಫ್ರಾನ್ಸಿನ ವಿಜ್ಞಾನಿ ಪಿಯರ್ ಕ್ಯೂರಿಯ ಹೆಸರಿನಲ್ಲಿ ಕ್ಯೂರಿ ಉಷ್ಣತೆ ಎನ್ನುತ್ತಾರೆ.

ಆ ಗಡಿಯಲ್ಲಿ ಒಳಗೆ ಏನು ನಡೆಯುತ್ತದೆ ಎಂಬುದೇ ಈ ಲೇಖನದ ವಿಷಯ. ಕಬ್ಬಿಣದ ತುಂಡನ್ನು ಬಿಟ್ಟು, ಒಂದೇ ಒಂದು ಪದರದಷ್ಟು ತೆಳುವಾದ ಅಯಸ್ಕಾಂತದಲ್ಲಿ ಏನು ನಡೆಯುತ್ತದೆ ಎಂಬಲ್ಲಿಗೆ ನಾವು ಹೋಗಬೇಕಾಗಿದೆ. ಪರದೆಯ ಮೇಲಿನ ಮಾತುಕತೆಯಲ್ಲಿ ಇಂಥ ವಿಷಯಕ್ಕೆ ಸಿಗುವ ವೇಳೆ ಕಡಿಮೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಕಬ್ಬಿಣದ ಪ್ರತಿಯೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅದರ ಇಲೆಕ್ಟ್ರಾನುಗಳಿಗೆ ‘ಸ್ಪಿನ್’ ಅಥವಾ ಗಿರಕಿ ಎಂಬ ಗುಣವಿದೆ. ಇಲೆಕ್ಟ್ರಾನು ಬುಗುರಿಯಂತೆ ತಿರುಗುತ್ತಿದೆ ಎಂದು ಚಿತ್ರ ಬರೆದುಕೊಳ್ಳಬೇಡಿ. ಹೆಸರು ಮಾತ್ರ ಹಾಗಿದೆ. ಅದು ಕಾಂತಸೂಜಿಯಂತೆ ಒಂದು ದಿಕ್ಕನ್ನು ತೋರುತ್ತದೆ ಎಂದು ತಿಳಿದರೆ ಸಾಕು. ಎಲ್ಲ ಸೂಜಿಗಳೂ ಒಂದೇ ದಿಕ್ಕಿಗೆ ಮುಖ ಮಾಡಿದರೆ ಕಬ್ಬಿಣ ಅಯಸ್ಕಾಂತವಾಗುತ್ತದೆ. ಅಕ್ಕಪಕ್ಕದ ಸೂಜಿಗಳು ಒಂದನ್ನೊಂದು ಹೊಂದಿಕೊಂಡು ನಿಲ್ಲಲು ನೋಡುತ್ತವೆ. ಶಾಖ ಅವನ್ನು ಅಲುಗಾಡಿಸಿ ದಿಕ್ಕು ತಪ್ಪಿಸಲು ನೋಡುತ್ತದೆ. ಈ ಜಗ್ಗಾಟದಲ್ಲಿ 770 ಡಿಗ್ರಿಯವರೆಗೆ ನೆರೆಹೊರೆಯ ಪಾಲಿಗೆ ಗೆಲುವು, ಅದರಾಚೆಗೆ ಶಾಖದ ಪಾಲಿಗೆ.

ದೀಪಾವಳಿಯ ಸುಮಾರಿಗೆ ನಿಮ್ಮ ಭಾಗದಲ್ಲಿ ನಡೆಯುವ ಕೊಬ್ಬರಿ ಹೋರಿ ಸ್ಪರ್ಧೆಯನ್ನು ನೆನಪಿಗೆ ತಂದುಕೊಳ್ಳಿ. ಹೋರಿ ಓಡುವ ಹಾದಿಯ ಎರಡೂ ಬದಿಗೆ ಜನ. ಹೋರಿ ಬಿಡುವುದಕ್ಕೆ ಇನ್ನೂ ಬಹಳ ಹೊತ್ತಿದ್ದಾಗ ಒಬ್ಬೊಬ್ಬರ ಮುಖ ಒಂದೊಂದು ಕಡೆಗೆ. ಹೋರಿ ಬಂದಾಗ ಎಲ್ಲರ ಮುಖವೂ ಒಂದೇ ಕಡೆಗೆ. ಇವೆರಡೂ ಸುಲಭವಾಗಿ ಅರ್ಥವಾಗುವ ಸ್ಥಿತಿಗಳು. ಆದರೆ ನಡುವಿನ ಗಳಿಗೆಯೊಂದಿದೆ. ಹೋರಿ ಇನ್ನೂ ಬಂದಿಲ್ಲ. ಯಾರೋ ‘ಬಂತು’ ಎನ್ನುತ್ತಾರೆ. ಹತ್ತು ಜನ ತಿರುಗುತ್ತಾರೆ. ಅವರನ್ನು ನೋಡಿ ಮತ್ತೆ ಐವತ್ತು ಜನ ತಿರುಗುತ್ತಾರೆ. ಸುಳ್ಳೆಂದು ಗೊತ್ತಾಗಿ ನಿಧಾನವಾಗಿ ಮತ್ತೆ ಮಾತಿಗೆ ತೊಡಗುತ್ತಾರೆ. ಅಷ್ಟರಲ್ಲಿ ಇನ್ನೊಂದು ಕಡೆ ಇನ್ನೊಂದು ಗುಂಪು ಬೇರೆ ದಿಕ್ಕಿಗೆ ತಿರುಗಿರುತ್ತದೆ. ಕ್ಯೂರಿ ಉಷ್ಣತೆಯ ಹತ್ತಿರ ಪರಮಾಣುಗಳಲ್ಲಿ ನಡೆಯುವುದು ಇದೇ. ಗುಂಪುಗಳು ಕೂಡುತ್ತವೆ, ಒಡೆಯುತ್ತವೆ. ಗಡಿ ಸಮೀಪಿಸಿದಷ್ಟೂ ಗುಂಪು ದೊಡ್ಡದಾಗುತ್ತದೆ, ಮತ್ತು ಗುಂಪು ದೊಡ್ಡದಾದಷ್ಟೂ ಚದುರಲು ಹಿಡಿಯುವ ಕಾಲ ಹೆಚ್ಚುತ್ತದೆ. ಈ ಏರಿಳಿತವನ್ನು ಕಾಂತೀಯ ನಡುಕ ಎಂದು ಕರೆಯೋಣ.

ಇದು ಪುಸ್ತಕದ ಬದನೆಕಾಯಿ ಎನ್ನಬೇಡಿ. ನಿಮ್ಮ ಅಂಕಪಟ್ಟಿಯಿಂದ ಹಿಡಿದು ಮನೆಯ ಪಹಣಿಯವರೆಗೆ ಎಷ್ಟೋ ದಾಖಲೆಗಳು ಇಂದು ಯಾವುದೋ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಪುಟ್ಟ ಪುಟ್ಟ ಅಯಸ್ಕಾಂತಗಳ ದಿಕ್ಕಿನ ರೂಪದಲ್ಲಿವೆ. ಹೆಚ್ಚು ಮಾಹಿತಿ ತುಂಬಬೇಕೆಂದರೆ ಆ ಅಯಸ್ಕಾಂತಗಳನ್ನು ಇನ್ನಷ್ಟು ಚಿಕ್ಕದಾಗಿ ಮಾಡಬೇಕು. ಒಂದು ಮಿತಿಗಿಂತ ಚಿಕ್ಕದಾದರೆ ಕೋಣೆಯ ಶಾಖವೇ ಅದರ ದಿಕ್ಕನ್ನು ತಿರುಗಿಸಿಬಿಡುತ್ತದೆ. ಬರೆದದ್ದು ತಾನಾಗಿ ಅಳಿಸಿಹೋಗುತ್ತದೆ. ಎಷ್ಟು ತೆಳುವಿಗೆ ಹೋಗಬಹುದು ಎಂಬ ಪ್ರಶ್ನೆಗೆ ಉತ್ತರ ಈ ನಡುಕದಲ್ಲಿಯೇ ಇದೆ.

ತೆಳುವಿನ ಕೊನೆಯ ಮೆಟ್ಟಿಲು ಒಂದೇ ಪದರ. ಸವಣೂರಿನ ವೀಳ್ಯದೆಲೆಯ ಕಟ್ಟನ್ನು ನೋಡಿದ್ದೀರಲ್ಲವೆ? ಎಲೆಯ ಮೇಲೆ ಎಲೆ. ಒಂದಕ್ಕೊಂದು ಅಂಟಿಲ್ಲ, ಬೇಕಾದಾಗ ಒಂದೇ ಎಲೆಯನ್ನು ಎಳೆದು ತೆಗೆಯಬಹುದು. ಕೆಲವು ಹರಳುಗಳೂ ಹೀಗೆಯೇ. ಪದರದೊಳಗಿನ ಬಂಧ ಗಟ್ಟಿ, ಪದರ ಪದರಗಳ ನಡುವಿನ ಬಂಧ ಸಡಿಲ. ಪೆನ್ಸಿಲ್ಲಿನ ಗ್ರಾಫೈಟ್ ಅಂಥದು. 2004 ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಸುಲಿದು ಒಂದೇ ಪರಮಾಣು ದಪ್ಪದ ಗ್ರಾಫೀನನ್ನು ಪಡೆದರು. 2010 ರ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಆದರೆ ಗ್ರಾಫೀನ್ ಅಯಸ್ಕಾಂತವಲ್ಲ.

ಒಂದೇ ಪದರದ ಅಯಸ್ಕಾಂತ ಸಾಧ್ಯವೇ ಎಂಬುದರ ಬಗ್ಗೆ ಹಳೆಯ ತಕರಾರೊಂದಿತ್ತು. 1966 ರಲ್ಲಿ ಮರ್ಮಿನ್ ಮತ್ತು ವಾಗ್ನರ್ ಎಂಬ ಇಬ್ಬರು ವಿಜ್ಞಾನಿಗಳು ಗಣಿತದಿಂದ ಒಂದು ಮಾತನ್ನು ಸಾಧಿಸಿ ತೋರಿಸಿದರು: ಪದರದಲ್ಲಿರುವ ಸೂಜಿಗಳಿಗೆ ಯಾವ ದಿಕ್ಕಿಗಾದರೂ ತಿರುಗುವ ಪೂರ್ಣ ಸ್ವಾತಂತ್ರ್ಯವಿದ್ದರೆ, ಎಷ್ಟೇ ಕಡಿಮೆ ಶಾಖವಿದ್ದರೂ ಅದು ಶಿಸ್ತನ್ನು ಮುರಿಯುತ್ತದೆ. ಏಕೆಂದರೆ ಪ್ರತಿ ಸೂಜಿ ತನ್ನ ಪಕ್ಕದ ಸೂಜಿಗಿಂತ ಕೂದಲೆಳೆಯಷ್ಟು ವಾಲಿದರೆ ಯಾರಿಗೂ ಭಾರವಾಗದು, ಆದರೆ ಸಾವಿರ ಸೂಜಿ ದಾಟುವಷ್ಟರಲ್ಲಿ ದಿಕ್ಕು ಪೂರಾ ತಿರುಗಿರುತ್ತದೆ. ದಪ್ಪ ಹರಳಿನಲ್ಲಿ ಮೇಲಿನ ಕೆಳಗಿನ ನೆರೆಯವರೂ ಹಿಡಿದು ನಿಲ್ಲಿಸುತ್ತಾರೆ. ಒಂಟಿ ಪದರದಲ್ಲಿ ಆ ಆಸರೆ ಇಲ್ಲ.

ಆ ಗಣಿತದಲ್ಲಿ ಒಂದು ಸಂದಿ ಉಳಿದಿತ್ತು. ಸೂಜಿಗಳಿಗೆ ಪೂರ್ಣ ಸ್ವಾತಂತ್ರ್ಯವಿಲ್ಲದೆ, ಮೇಲಕ್ಕೆ ಅಥವಾ ಕೆಳಕ್ಕೆ ಮಾತ್ರ ನಿಲ್ಲುವ ಒಲವಿದ್ದರೆ? ಆಗ ಶಿಸ್ತು ಉಳಿಯಬಹುದು ಎಂದು ಲಾರ್ಸ್ ಆನ್‌ಸಾಗರ್ 1944 ರಲ್ಲೇ ಲೆಕ್ಕದಿಂದ ತೋರಿಸಿದ್ದರು. ಕಾಗದದ ಮೇಲಿನ ಈ ಮಾತು ಕಣ್ಣಿಗೆ ಕಾಣಲು 2017 ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಎರಡು ತಂಡಗಳು ಬೇರೆ ಬೇರೆ ಹರಳುಗಳಲ್ಲಿ ಇದನ್ನು ಕಂಡವು. ಕ್ರೋಮಿಯಂ ಮತ್ತು ಅಯೋಡಿನ್ ಸೇರಿದ ಕ್ರೋಮಿಯಂ ಟ್ರೈಅಯೊಡೈಡಿನಲ್ಲಿ ಒಂದೇ ಪದರವೂ ಅಯಸ್ಕಾಂತವಾಗಿಯೇ ಇತ್ತು, ಆದರೆ ಸುಮಾರು 45 ಕೆಲ್ವಿನ್ ಅಂದರೆ ಸೊನ್ನೆಗಿಂತ 228 ಡಿಗ್ರಿ ಕೆಳಗಿನ ಚಳಿಯಲ್ಲಿ ಮಾತ್ರ. ಅದೇ ವಸ್ತುವಿನ ದಪ್ಪ ಹರಳಿಗೆ ಆ ಗಡಿ 61 ಕೆಲ್ವಿನ್. ಪದರ ತೆಳುವಾದಂತೆ ನಡುಕದ ಕೈ ಮೇಲಾಯಿತು ಎಂಬುದಕ್ಕೆ ಈ 61 ಮತ್ತು 45 ಸಾಕ್ಷಿ ನುಡಿಯುತ್ತವೆ.

ಆದರೆ ನಡುಕವನ್ನೇ ಅಳೆಯುವುದು ಹೇಗೆ? ದಪ್ಪ ಹರಳುಗಳಿಗೆ ನ್ಯೂಟ್ರಾನುಗಳನ್ನು ಹಾಯಿಸಿ ನೋಡುವ ಒಳ್ಳೆಯ ವಿಧಾನವಿದೆ. ಅದಕ್ಕೆ ಕಣ್ಣಿಗೆ ಕಾಣುವಷ್ಟು ವಸ್ತು ಬೇಕು. ನಮ್ಮ ಪದರದ ತೂಕ ಎಷ್ಟು, ನೀವೇ ಲೆಕ್ಕ ಹಾಕಿ. ಹತ್ತು ಮೈಕ್ರೋಮೀಟರ್ ಉದ್ದ, ಅಷ್ಟೇ ಅಗಲ, ದಪ್ಪ ಸುಮಾರು 0.7 ನ್ಯಾನೋಮೀಟರ್. ಸಾಂದ್ರತೆ ನೀರಿನ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿನ ಅರ್ಧವೂ ಬರುವುದಿಲ್ಲ. ಇಷ್ಟು ಕಡಿಮೆ ವಸ್ತುವಿನ ಪಿಸುಮಾತು ಕೇಳಬೇಕಾದರೆ ಕಿವಿಯನ್ನು ಅದರ ಬಾಯಿಯ ಬಳಿಗೇ ಒಯ್ಯಬೇಕು, ಕಿವಿಯೂ ಪರಮಾಣುವಿನಷ್ಟೇ ಚಿಕ್ಕದಾಗಿರಬೇಕು.

ಇಲ್ಲೊಂದು ಮಾತು ಹೇಳಬೇಕು. ಟೆಲಿವಿಷನ್ನಿನವರಾದ ನಮಗೆ ಗೊರಗೊರ ಸದ್ದೆಂದರೆ ಶತ್ರು. ಪಂಖ ನಿಲ್ಲಿಸುತ್ತೇವೆ, ಬಾಗಿಲು ಮುಚ್ಚುತ್ತೇವೆ, ಮಾತನಾಡುವವರ ಕಾಗದದ ಸರಸರವನ್ನೂ ಸಹಿಸುವುದಿಲ್ಲ. ಹಳೆಯ ಟಿ.ವಿ.ಗಳಲ್ಲಿ ಪ್ರಸಾರ ಮುಗಿದ ಮೇಲೆ ಪರದೆಯ ತುಂಬ ಇರುವೆ ಮುತ್ತಿದಂತೆ ಚುಕ್ಕಿಗಳು ಮಿಣುಕುತ್ತಿದ್ದುದನ್ನು ನಿಮ್ಮ ಅಪ್ಪ ಅಮ್ಮನನ್ನು ಕೇಳಿ. ಆ ಮಿಣುಕಿನ ಅತ್ಯಲ್ಪ ಭಾಗ ಬ್ರಹ್ಮಾಂಡದ ಆರಂಭ ಕಾಲದಿಂದ ಬರುತ್ತಿರುವ ವಿಕಿರಣ. 1964-65 ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಆಂಟೆನಾದ ಗೊರಗೊರವನ್ನು ಹೋಗಲಾಡಿಸಲು ಪಾರಿವಾಳದ ಹಿಕ್ಕೆಯನ್ನೂ ಗುಡಿಸಿ ನೋಡಿದರು, ಹೋಗಲಿಲ್ಲ. ಕೊನೆಗೆ ಅದೇ ಸುದ್ದಿ ಎಂದು ತಿಳಿಯಿತು. 1978 ರಲ್ಲಿ ಅವರಿಗೆ ನೊಬೆಲ್ ಬಂತು. ಎಲ್ಲ ಗೊರಗೊರವೂ ಕಸವಲ್ಲ.

ನಾವು ಹುಡುಕುತ್ತಿದ್ದ ಕಿವಿ ಸಿಕ್ಕಿದ್ದು ವಜ್ರದಲ್ಲಿ, ಅದೂ ದೋಷವಿರುವ ವಜ್ರದಲ್ಲಿ. ವಜ್ರದ ದೋಷದ ಕಥೆಗೆ ಬೆಂಗಳೂರಿನ ನಂಟಿದೆ. 1940 ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರು ವಜ್ರಗಳನ್ನು ಕಲೆಹಾಕಿ ತಮ್ಮ ವಿದ್ಯಾರ್ಥಿಗಳಿಗೆ ಅಧ್ಯಯನಕ್ಕೆ ಕೊಟ್ಟಿದ್ದರು. ಅವರಲ್ಲಿ ಒಬ್ಬರು ತಿರುವಾಂಕೂರಿನ ಪೀರುಮೇಡಿನಲ್ಲಿ 1918 ರಲ್ಲಿ ಹುಟ್ಟಿದ ಅನ್ನಾ ಮಣಿ. 1940 ರಲ್ಲಿ ರಾಮನ್ ಅವರ ಪ್ರಯೋಗಶಾಲೆ ಸೇರಿದ ಅವರು ಮೂವತ್ತಕ್ಕೂ ಹೆಚ್ಚು ವಜ್ರಗಳ ಹೊಳಪನ್ನು ರೋಹಿತದರ್ಶಕದಿಂದ ದಾಖಲಿಸಿದರು. ವಜ್ರವನ್ನು ದ್ರವ ಗಾಳಿಯಲ್ಲಿ ತಣಿಸಿ, ಅದರಿಂದ ಬರುವ ಮಂದ ಬೆಳಕಿಗೆ ಫೋಟೋ ಫಲಕವನ್ನು 15 ರಿಂದ 20 ಗಂಟೆ ಒಡ್ಡಬೇಕಾಗುತ್ತಿತ್ತು. ರಾತ್ರಿಯಿಡೀ ಪ್ರಯೋಗಶಾಲೆಯಲ್ಲೇ ಇರುತ್ತಿದ್ದರು. ಒಬ್ಬರೇ ಬರೆದ ಐದು ಪ್ರಬಂಧಗಳು ಅಚ್ಚಾದವು. 1945 ರಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ ಮದ್ರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ, ಅವರ ಬಳಿ ಎಂ.ಎಸ್ಸಿ. ಪದವಿ ಇರಲಿಲ್ಲ ಎಂಬುದೇ ಕಾರಣ. ಅವರು ಹವಾಮಾನ ಉಪಕರಣಗಳ ಕಡೆಗೆ ತಿರುಗಿ ಅಲ್ಲಿ ಇನ್ನೂ ದೊಡ್ಡ ಹೆಸರು ಮಾಡಿದರು. ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ.

ಅನ್ನಾ ಮಣಿಯವರ ವಜ್ರಗಳು ಹೊಳೆದದ್ದು ಮುಖ್ಯವಾಗಿ ನೀಲಿ ಮತ್ತು ಹಸಿರು ಬಣ್ಣದಲ್ಲಿ. ನೀಲಿ ಹೊಳಪಿಗೆ ಕಾರಣ ಒಂದು ಖಾಲಿ ಜಾಗದ ಸುತ್ತ ಕೂತ ಮೂರು ಸಾರಜನಕ ಪರಮಾಣುಗಳು ಎಂದು ಬಹಳ ಕಾಲದ ಮೇಲೆ ತಿಳಿದುಬಂತು. ಇಂದು ಸಂವೇದಕವಾಗಿ ಬಳಸುವ ದೋಷ ಅದರ ಸಮೀಪದ ಬಂಧು: ಇಂಗಾಲದ ಸಾಲಿನಲ್ಲಿ ಒಂದು ಇಂಗಾಲದ ಬದಲು ಒಂದು ಸಾರಜನಕ, ಅದರ ಪಕ್ಕದಲ್ಲೇ ಒಂದು ಖಾಲಿ ಜಾಗ. ಇದು ಕೆಂಪಾಗಿ ಹೊಳೆಯುತ್ತದೆ. 1997 ರಲ್ಲಿ ಜರ್ಮನಿಯಲ್ಲಿ ಇಂಥ ಒಂಟಿ ದೋಷವೊಂದನ್ನು ಬಿಡಿಯಾಗಿ ಗುರುತಿಸಿದರು. 2008 ರಲ್ಲಿ ಅಮೆರಿಕ ಮತ್ತು ಜರ್ಮನಿಯ ತಂಡಗಳು ಅದರಿಂದ ಕಾಂತಕ್ಷೇತ್ರವನ್ನು ಅಳೆದು ತೋರಿಸಿದವು.

ಅದು ಕೆಲಸ ಮಾಡುವ ರೀತಿ ಹೀಗಿದೆ. ಆ ಖಾಲಿ ಜಾಗದಲ್ಲಿ ಸಿಕ್ಕಿಕೊಂಡ ಇಲೆಕ್ಟ್ರಾನುಗಳ ಗಿರಕಿಗೆ ಮೂರು ನೆಲೆಗಳಿವೆ: ಸೊನ್ನೆ, ಕೂಡು ಒಂದು, ಕಳೆ ಒಂದು. ಹಸಿರು ಲೇಸರ್ ಬೆಳಕು ಚೆಲ್ಲಿದರೆ ಕೆಂಪು ಬೆಳಕು ಹೊರಬರುತ್ತದೆ. ಸೊನ್ನೆಯ ನೆಲೆಯಲ್ಲಿದ್ದರೆ ಕೆಂಪು ಪ್ರಖರ, ಉಳಿದೆರಡರಲ್ಲಿ ಮಂದ. ಅಂದರೆ ಒಂದು ಇಲೆಕ್ಟ್ರಾನಿನ ಸ್ಥಿತಿಯನ್ನು ಬರಿಯ ಬೆಳಕಿನ ಪ್ರಖರತೆಯಿಂದ ಓದಬಹುದು. ಸೊನ್ನೆಯಿಂದ ಮೇಲಿನ ನೆಲೆಗೆ ಏರಿಸಲು ಸೆಕೆಂಡಿಗೆ 287 ಕೋಟಿ ಸಲ ಕಂಪಿಸುವ ಮೈಕ್ರೋವೇವ್ ಬೇಕು. ಹತ್ತಿರದಲ್ಲಿ ಕಾಂತಕ್ಷೇತ್ರವಿದ್ದರೆ ಈ ಸಂಖ್ಯೆ ಒಂದು ಮಿಲಿಟೆಸ್ಲಾಗೆ 2 ಕೋಟಿ 80 ಲಕ್ಷದಂತೆ ಸರಿಯುತ್ತದೆ. ಹಾನಗಲ್ಲಿನ ಬಯಲಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.04 ಮಿಲಿಟೆಸ್ಲಾ. ಅದರ ದಿಕ್ಕಿಗೆ ವಜ್ರದ ದೋಷವನ್ನು ಹೊಂದಿಸಿಟ್ಟರೆ ಸಂಖ್ಯೆ ಸರಿಯುವುದು ಸುಮಾರು 11 ಲಕ್ಷ. ನಿಮ್ಮ ಮನೆಯ ಹಳೆಯ ರೇಡಿಯೋದ ಮೀಡಿಯಂ ವೇವ್ ಪಟ್ಟಿಯ ನಡುವೆ ಬೀಳುವ ಸಂಖ್ಯೆ ಅದು. ಅಷ್ಟನ್ನು ಅಳೆಯುವುದು ಇಂದು ಕಷ್ಟವೇ ಅಲ್ಲ. 2019 ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದವರು ವಜ್ರದ ಚೂಪಾದ ತುದಿಯಲ್ಲಿ ಒಂದು ದೋಷವನ್ನಿಟ್ಟು ಕ್ರೋಮಿಯಂ ಟ್ರೈಅಯೊಡೈಡಿನ ಪದರಗಳ ಮೇಲೆ ಆಡಿಸಿ, ಅವುಗಳ ಕಾಂತತ್ವದ ನಕ್ಷೆಯನ್ನೇ ಬರೆದರು.

ಇದು ನಿಂತ ಕ್ಷೇತ್ರದ ಅಳತೆ. ನಡುಕಕ್ಕೆ ಬೇರೆ ಉಪಾಯ ಬೇಕು. ಏಕೆಂದರೆ ನಡುಕದ ಸರಾಸರಿ ತೆಗೆದರೆ ಸೊನ್ನೆ ಬರುತ್ತದೆ!

ಮೊದಲ ಉಪಾಯ ಸರಳ. ಹಸಿರು ಬೆಳಕಿನಿಂದ ಇಲೆಕ್ಟ್ರಾನನ್ನು ಸೊನ್ನೆಯ ನೆಲೆಯಲ್ಲಿ ಕೂರಿಸಿ ಬೆಳಕು ಆರಿಸುವುದು. ಸುತ್ತ ಶಾಂತವಾಗಿದ್ದರೆ ಅದು ಕೆಲವು ಮಿಲಿಸೆಕೆಂಡು ಹಾಗೆಯೇ ಇರುತ್ತದೆ. ಪಕ್ಕದ ಪದರ ಗದ್ದಲ ಮಾಡುತ್ತಿದ್ದರೆ, ಆ ಗದ್ದಲದಲ್ಲಿ ಸೆಕೆಂಡಿಗೆ ಸುಮಾರು 287 ಕೋಟಿಯ ಕಂಪನವೂ ಇದ್ದರೆ, ಅದು ಬೇಗನೆ ನೆಲೆ ತಪ್ಪುತ್ತದೆ. ಎಷ್ಟು ಬೇಗ ಎಂಬುದೇ ಗದ್ದಲದ ಅಳತೆ.

ಎರಡನೆಯದು ಸ್ವಲ್ಪ ಜಾಣತನದ್ದು. ನಿಮ್ಮ ಶಾಲೆಯ ಬಯಲಿನಲ್ಲಿ ಹತ್ತು ಮಕ್ಕಳು ಒಂದೇ ಗೆರೆಯಿಂದ ಓಡುತ್ತಾರೆ ಎನ್ನಿ. ಒಬ್ಬೊಬ್ಬರ ವೇಗ ಬೇರೆ. ಒಂದು ನಿಮಿಷದ ಮೇಲೆ ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಾರೆ. ಎಲ್ಲರೂ ಹಿಂದಕ್ಕೆ ತಿರುಗಿ ಅದೇ ವೇಗದಲ್ಲಿ ಓಡುತ್ತಾರೆ. ಇನ್ನೊಂದು ನಿಮಿಷಕ್ಕೆ ಎಲ್ಲರೂ ಒಟ್ಟಿಗೆ ಗೆರೆಯ ಮೇಲಿರುತ್ತಾರೆ, ವೇಗ ಎಷ್ಟೇ ಇದ್ದರೂ. ಆದರೆ ನಡುವೆ ಒಬ್ಬೊಬ್ಬರ ವೇಗ ಬದಲಾದರೆ ಲೆಕ್ಕ ಕೂಡುವುದಿಲ್ಲ. ಗೆರೆಯ ಹತ್ತಿರ ಎಷ್ಟು ಚದುರಿ ನಿಂತಿದ್ದಾರೆ ಎಂದು ನೋಡಿ, ಆ ಎರಡು ನಿಮಿಷದಲ್ಲಿ ಎಷ್ಟು ಬದಲಾವಣೆಯಾಯಿತೆಂದು ಹೇಳಬಹುದು. ಸೀಟಿಯ ಅಂತರವನ್ನು ಹೆಚ್ಚು ಕಡಿಮೆ ಮಾಡಿದರೆ ಯಾವ ಲಯದ ಬದಲಾವಣೆ ಎಂಬುದೂ ತಿಳಿಯುತ್ತದೆ. ಇಲೆಕ್ಟ್ರಾನಿಗೆ ಮೈಕ್ರೋವೇವಿನ ಚಿಕ್ಕ ಚಿಕ್ಕ ಹೊಡೆತಗಳೇ ಸೀಟಿ. ಇದನ್ನು ಪ್ರತಿಧ್ವನಿ ವಿಧಾನ ಎನ್ನುತ್ತಾರೆ. ಮೊದಲ ಉಪಾಯ ವೇಗದ ನಡುಕವನ್ನು ಕೇಳಿದರೆ ಇದು ನಿಧಾನದ ನಡುಕವನ್ನು ಕೇಳುತ್ತದೆ.

ನಿಧಾನದ ನಡುಕವೇ ಏಕೆ ಮುಖ್ಯ? ಹೋರಿ ನೋಡುವ ಜನರ ಗುಂಪನ್ನು ಮರೆತಿಲ್ಲವಷ್ಟೆ? ಗಡಿ ಸಮೀಪಿಸಿದಂತೆ ಗುಂಪು ದೊಡ್ಡದಾಗುತ್ತದೆ, ಚದುರಲು ತಡವಾಗುತ್ತದೆ. ಎಷ್ಟು ದೊಡ್ಡದಾದರೆ ಎಷ್ಟು ತಡ ಎಂಬ ಲೆಕ್ಕ ಆ ಅಯಸ್ಕಾಂತದ ಸ್ವಭಾವವನ್ನು ಹೇಳಿಬಿಡುತ್ತದೆ: ಅದರ ಸೂಜಿಗಳು ಮೇಲೆ ಕೆಳಗೆ ಮಾತ್ರ ನಿಲ್ಲುವ ಜಾತಿಯೋ, ಬಯಲಲ್ಲಿ ಸುತ್ತುವ ಜಾತಿಯೋ. 1966 ರ ಗಣಿತ ಮುಟ್ಟುವುದೂ ಇದನ್ನೇ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಬೇರೆ ಸಂಸ್ಥೆಗಳವರೊಡನೆ ಸೇರಿ 2024 ರಲ್ಲಿ ಹೊರತಂದ ಪ್ರಬಂಧದ ವಿಷಯ ಇದು. ಕ್ರೋಮಿಯಂ, ಗಂಧಕ, ಬ್ರೋಮಿನ್ ಸೇರಿದ ಹರಳಿನ ಕೆಲವೇ ಪದರಗಳನ್ನು ಸುಲಿದು ವಜ್ರದ ಮೇಲಿಟ್ಟು, ಗಡಿಯ ಹತ್ತಿರ ನಡುಕ ನಿಧಾನವಾಗುವುದನ್ನು ವಜ್ರದ ದೋಷಗಳಿಂದ ಕೇಳಿಸಿಕೊಂಡರು. ಈ ವಸ್ತುವಿನ ದಪ್ಪ ಹರಳಿಗೆ ಗಡಿ 132 ಕೆಲ್ವಿನ್. ದ್ರವ ಸಾರಜನಕದ ಚಳಿಯೇ ಸಾಕು ಎಂಬುದು ಪ್ರಯೋಗ ಮಾಡುವವರಿಗೆ ದೊಡ್ಡ ಅನುಕೂಲ. ಕೋಣೆಯ ಶಾಖದಲ್ಲಿ ಗಟ್ಟಿಯಾಗಿ ನಿಲ್ಲುವ, ಗಾಳಿ ತಗುಲಿದರೂ ಕೆಡದ ಒಂದು ಪದರದ ಅಯಸ್ಕಾಂತವನ್ನು ಮಾಡುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ನಡುಕ ಎಲ್ಲಿಂದ ಹುಟ್ಟುತ್ತದೆಂದು ತಿಳಿಯದೆ ಅದನ್ನು ಅಡಗಿಸುವ ವಸ್ತುವನ್ನು ಆರಿಸಲಾಗದು.

ವಜ್ರವನ್ನು ಪದರಕ್ಕೆ ಎಷ್ಟು ಹತ್ತಿರ ಇಡುತ್ತೇವೆ ಎಂಬುದೂ ಒಂದು ಜರಡಿ. ಹತ್ತು ನ್ಯಾನೋಮೀಟರಿನಲ್ಲಿಟ್ಟರೆ ಚಿಕ್ಕ ಗುಂಪುಗಳ ಪಿಸುಮಾತೂ ಕೇಳುತ್ತದೆ. ನೂರರಷ್ಟು ದೂರ ಒಯ್ದರೆ ದೊಡ್ಡ ಗುಂಪುಗಳ ಗದ್ದಲ ಮಾತ್ರ. ಜಾತ್ರೆಯನ್ನು ಒಳಗಿಂದ ಕೇಳುವುದಕ್ಕೂ ಊರ ಹೊರಗಿಂದ ಕೇಳುವುದಕ್ಕೂ ಇರುವ ವ್ಯತ್ಯಾಸ.

ನಮ್ಮಲ್ಲಿ ಇಂಥ ಕೆಲಸ ನಡೆದಿದೆಯೇ ಎಂದು ಕೇಳಬೇಕಾದ್ದೇ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರುಬಿಡಿಯಂ ಆವಿಯೊಳಗೆ ಲೇಸರ್ ಹಾಯಿಸಿ, ಪರಮಾಣುಗಳ ಗಿರಕಿಯ ನಡುಕದಿಂದ ಬೆಳಕಿನ ಕಂಪನದ ತಲ ಎಷ್ಟು ಅಲುಗಾಡುತ್ತದೆ ಎಂದು ಅಳೆಯುತ್ತಾರೆ. 2018 ರಲ್ಲಿ ಆವಿಯಲ್ಲಿ, 2021 ರಲ್ಲಿ ಅತಿ ಶೀತಲ ಪರಮಾಣುಗಳಲ್ಲಿ ಮಾಡಿದ ಅಳತೆಗಳು ಪ್ರಕಟವಾದವು. ವಸ್ತು ಬೇರೆ, ಪದರವಲ್ಲ. ಆದರೆ ನಡುಕವನ್ನೇ ಸುದ್ದಿಯೆಂದು ಓದುವ ದಾರಿ ಅದೇ. ವಜ್ರದ ಕೆಲಸ ಮುಂಬಯಿಯ ಐ.ಐ.ಟಿ.ಯಲ್ಲಿ ನಡೆದಿದೆ. 2023 ರಲ್ಲಿ ಕೇಂದ್ರ ಸರ್ಕಾರ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮುಂದೆ ಅದರ ಅಡಿಯಲ್ಲಿ ಸಂವೇದಕಗಳ ಕೇಂದ್ರ ಅಲ್ಲಿಗೆ, ಕ್ವಾಂಟಂ ಕಂಪ್ಯೂಟರಿನ ಕೇಂದ್ರ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವು. ವಿಜ್ಞಾನ ಸಂಸ್ಥೆಯಲ್ಲಿ ಕ್ವಾಂಟಂ ತಂತ್ರಜ್ಞಾನದಲ್ಲೇ ಎಂ.ಟೆಕ್. ಪದವಿಯೂ ಇದೆ. ಹಿರೇಕೆರೂರಿನಲ್ಲಿ ಪಿ.ಯು.ಸಿ. ಓದುತ್ತಿರುವವರು ವಿಳಾಸ ಬರೆದಿಟ್ಟುಕೊಂಡರೆ ನಷ್ಟವಿಲ್ಲ.

ಅಲ್ಲಿಯವರೆಗೆ ಒಂದು ಪ್ರಯೋಗ. ಈಗಿನ ಬಹಳಷ್ಟು ಮೊಬೈಲುಗಳಲ್ಲಿ ದಿಕ್ಸೂಚಿಗೆಂದು ಕಾಂತಕ್ಷೇತ್ರದ ಸಂವೇದಕವಿರುತ್ತದೆ. ಅದರ ಅಂಕಿಯನ್ನು ತೋರಿಸುವ ಉಚಿತ ಆ್ಯಪ್‌ಗಳು ಸಿಗುತ್ತವೆ. ಮರದ ಮೇಜಿನ ಮೇಲೆ ಮೊಬೈಲನ್ನು ಅಲುಗಾಡದಂತೆ ಇಡಿ. 40 ಮೈಕ್ರೋಟೆಸ್ಲಾ ಆಸುಪಾಸಿನ ಅಂಕಿ ಕಾಣುತ್ತದೆ, ಆದರೆ ನಿಲ್ಲುವುದಿಲ್ಲ. ಕೊನೆಯ ಅಂಕಿಗಳು ಕುಣಿಯುತ್ತಲೇ ಇರುತ್ತವೆ. ಹತ್ತು ನಿಮಿಷ ದಾಖಲಿಸಿ ಗ್ರಾಫ್ ಬರೆಯಿರಿ. ಹತ್ತಿರದ ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದರೆ ಗ್ರಾಫ್ ಏನಾಗುತ್ತದೆ ನೋಡಿ. ಈಗ ನಿಜವಾದ ಪ್ರಶ್ನೆ: ಆ ಕುಣಿತದಲ್ಲಿ ಹೊರಗಿನ ಕ್ಷೇತ್ರದ್ದು ಎಷ್ಟು, ಮೊಬೈಲಿನದೇ ಸ್ವಂತ ನಡುಕ ಎಷ್ಟು? ಗೆಳೆಯನದೋ ಗೆಳತಿಯದೋ ಇನ್ನೊಂದು ಮೊಬೈಲನ್ನು ಒಂದು ಮಾರು ದೂರದಲ್ಲಿಟ್ಟು ಅದೇ ಹತ್ತು ನಿಮಿಷ ದಾಖಲಿಸಿ. ಹತ್ತಿರ ಇಟ್ಟರೆ ಒಂದರ ಸ್ಪೀಕರಿನ ಅಯಸ್ಕಾಂತ ಇನ್ನೊಂದನ್ನು ಕೆಡಿಸುತ್ತದೆ. ಎರಡೂ ಗ್ರಾಫುಗಳಲ್ಲಿ ಒಟ್ಟಿಗೆ ಏರಿ ಒಟ್ಟಿಗೆ ಇಳಿದದ್ದು ಹೊರಗಿನದು, ಒಂದರಲ್ಲಿ ಮಾತ್ರ ಕಂಡದ್ದು ಹೆಚ್ಚಾಗಿ ಆ ಯಂತ್ರದ್ದು. ಒಂದರ ಪಕ್ಕ ಒಂದಿರುವ ಎರಡು ವಜ್ರದೋಷಗಳ ಅಂಕಿಗಳನ್ನು ಹೀಗೆಯೇ ತಾಳೆ ನೋಡುವ ವಿಧಾನವನ್ನು ಅಮೆರಿಕದ ಪ್ರಿನ್ಸ್‌ಟನ್ನಿನವರು 2022 ರಲ್ಲಿ ಪ್ರಕಟಿಸಿದರು. ನಿಮ್ಮ ಬಳಿ ಎರಡು ಮೊಬೈಲು, ಒಂದು ಮೇಜು, ಗ್ರಾಫ್ ಹಾಳೆ ಇದ್ದರೆ ಈ ಭಾನುವಾರವೇ ಶುರು ಮಾಡಬಹುದು.